ಅಜ್ಜಿಯ ಮುಖದ ಮೇಲೆ ನನ್ನ ಹೆಬ್ಬೆಟ್ಟು

ಮೂರು ನಿಮಿಷದ ಕ್ಲೇ ಅನಿಮೇಷನ್ ಚಿತ್ರ. ಮಣ್ಣಿನ ಗೊಂಬೆಯನ್ನು ಸ್ವಲ್ಪ ಸ್ವಲ್ಪವೇ ಅಲುಗಿಸಿ, ಪ್ರತಿ ಸಲ ಒಂದು ಫೋಟೋ ತೆಗೆದು, ಎಲ್ಲವನ್ನೂ ಸಾಲಾಗಿ ಓಡಿಸಿ ಮಾಡುವಂಥದ್ದು. ಅದರಲ್ಲಿರುವ ಫೋಟೋಗಳು 2,160. ಸಂಕ್ರಾಂತಿ ಕಳೆದ ಮೇಲೆ ಶುರು ಮಾಡಿದೆ, ಮಣ್ಣೆತ್ತಿನ ಅಮಾವಾಸ್ಯೆ ಹೊತ್ತಿಗೆ ಮುಗಿಯಿತು. ದಾವಣಗೆರೆಯ ನಮ್ಮ ಮನೆಯ ಹಿಂದಿನ ಕೋಣೆ, ಅಮ್ಮನ ಹಳೇ ಹೊಲಿಗೆ ಮಷಿನ್ನಿನ ಮೇಜು, ಒಂದು ಮೊಬೈಲು, ಎರಡು ಕೆಜಿ ಕ್ಲೇ. ನನ್ನ ಸ್ಟುಡಿಯೋ ಅಂದರೆ ಇಷ್ಟೇ.

ಎರಡು ಸಲ ಹೆಸರು ಕೂಗುವ ದನಿ ಬಿಟ್ಟರೆ ಚಿತ್ರದಲ್ಲಿ ಮಾತಿಲ್ಲ. ಮಣ್ಣಿನ ಮುದುಕಿಯೊಬ್ಬಳು ಸಾಲಿನಲ್ಲಿ ನಿಂತಿದ್ದಾಳೆ. ಅವಳ ಹೆಸರು ಕೂಗುತ್ತಾರೆ. ಮುಂದೆ ಬೆಂಕಿಪೊಟ್ಟಣದಷ್ಟು ದೊಡ್ಡ ಮಷಿನ್. ಹೆಬ್ಬೆಟ್ಟು ಒತ್ತುತ್ತಾಳೆ. ಕೆಂಪು ದೀಪ. ಸೆರಗಿಗೆ ಒರೆಸಿಕೊಂಡು ಮತ್ತೆ ಒತ್ತುತ್ತಾಳೆ. ಮತ್ತೆ ಕೆಂಪು ದೀಪ. ಒತ್ತಿದಾಗಲೆಲ್ಲ ಬೆರಳಿನ ಮಣ್ಣು ಸ್ವಲ್ಪ ಸ್ವಲ್ಪ ಮಷಿನ್ನಿಗೆ ಅಂಟಿಕೊಂಡು ಹೋಗುತ್ತದೆ. ಮೊದಲು ಹೆಬ್ಬೆಟ್ಟು ಸವೆಯುತ್ತದೆ, ಆಮೇಲೆ ಅಂಗೈ. ಕೊನೆಗೆ ಅವಳು ಬಗ್ಗಿ ಮುಖವನ್ನೇ ಒತ್ತುತ್ತಾಳೆ. ಮೂಗು ಹೋಗುತ್ತದೆ, ಬಾಯಿ ಹೋಗುತ್ತದೆ, ಕಣ್ಣು ಹೋಗುತ್ತದೆ. ಮುಖ ಪೂರ್ತಿ ನುಣ್ಣಗಾದಾಗ ಹಸಿರು ದೀಪ ಹತ್ತುತ್ತದೆ.

ನೋಡಿದವರು ಎರಡು ಪ್ರಶ್ನೆ ಕೇಳುತ್ತಾರೆ. ಇದನ್ನು ನೋಡಿದರೆ ಯಾಕೆ ಇಷ್ಟು ಭಯ ಆಗುತ್ತೆ? ಇದರ ಒಳಗಿನ ಅರ್ಥ ಏನು? ಮೊದಲನೆಯದಕ್ಕೆ ಉತ್ತರ ಕೈಕೆಲಸದಲ್ಲಿದೆ. ಎರಡನೆಯದನ್ನು ನಾನು ಇದುವರೆಗೆ ಯಾರಿಗೂ ಪೂರ್ತಿ ಹೇಳಿಲ್ಲ. ಇಲ್ಲಿ ಹೇಳುತ್ತೇನೆ.

ನಾನು ಫ್ಲೆಕ್ಸ್ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಡಿಸೈನರ್. ಹುಟ್ಟುಹಬ್ಬ, ಗೃಹಪ್ರವೇಶ, ಭಾವಪೂರ್ಣ ಶ್ರದ್ಧಾಂಜಲಿ. ದಿನಕ್ಕೆ ಐವತ್ತು ಅರವತ್ತು ಮುಖಗಳು ನನ್ನ ಕಂಪ್ಯೂಟರಿನಲ್ಲಿ ಹಾದುಹೋಗುತ್ತವೆ. ದುಗ್ಗಮ್ಮನ ಜಾತ್ರೆ ಬರುವ ವರ್ಷ ಇನ್ನೂ ಜಾಸ್ತಿ. ಎಲ್ಲರದ್ದೂ ಒಂದೇ ಮಾತು: "ಮೇಡಂ, ಮುಖ ಸ್ವಲ್ಪ ಬೆಳ್ಳಗೆ ಮಾಡಿ, ನೀಟಾಗಿ ಮಾಡಿ." ಮಚ್ಚೆ ತೆಗೆಯುತ್ತೇನೆ, ಸುಕ್ಕು ತೆಗೆಯುತ್ತೇನೆ, ಕಣ್ಣಿನ ಕೆಳಗಿನ ಕಪ್ಪು ತೆಗೆಯುತ್ತೇನೆ. ಎಷ್ಟೋ ವರ್ಷ ಇದರಲ್ಲಿ ಏನೂ ತಪ್ಪು ಕಂಡಿರಲಿಲ್ಲ. ಒಂದು ದಿನ ಒಬ್ಬ ಹುಡುಗಿ ತನ್ನ ಅಪ್ಪನ ಶ್ರದ್ಧಾಂಜಲಿ ಬ್ಯಾನರ್ ನೋಡಲು ಬಂದಳು. ಸ್ಕ್ರೀನ್ ಮುಂದೆ ತುಂಬಾ ಹೊತ್ತು ನಿಂತಳು. ಆಮೇಲೆ ಕೇಳಿದಳು, "ಅಪ್ಪನ ಹಣೆ ಮೇಲೆ ಕಲೆ ಇತ್ತಲ್ಲ ಅಕ್ಕಾ, ಅದೆಲ್ಲಿ?" ಅದನ್ನು ನಾನೇ ಅಳಿಸಿದ್ದೆ. ವಾಪಸ್ ತಂದು ಕೊಟ್ಟೆ. ಅವತ್ತು ಮನೆಗೆ ಬಂದ ಮೇಲೂ ಆ ಪ್ರಶ್ನೆ ಬಿಡಲಿಲ್ಲ.

ಅದಾದ ಸ್ವಲ್ಪ ದಿನಕ್ಕೆ ಅಜ್ಜಿಯನ್ನು ಕರೆದುಕೊಂಡು ರೇಷನ್ ತರಲು ಹೋದೆ. ಅಜ್ಜಿಗೆ ಆಗ ಎಪ್ಪತ್ತಾರು. ಬಲಗೈ ಹೆಬ್ಬೆಟ್ಟು ಇಟ್ಟಳು, ಮಷಿನ್ ತಗೊಳ್ಳಲಿಲ್ಲ. ಎಡಗೈಯದೂ ತಗೊಳ್ಳಲಿಲ್ಲ. ಹತ್ತೂ ಬೆರಳು ಇಟ್ಟು ನೋಡಿದ್ದಾಯ್ತು. ಹಿಂದೆ ನಿಂತವರು ತಲೆಗೊಂದು ಮಾತು ಹೇಳಿದರು. ಕೈ ತೊಳೆದು ಬಾ ಅಜ್ಜಿ, ತಲೆಗೂದಲಿಗೆ ಒರೆಸಿ ಇಡು, ಗಟ್ಟಿ ಒತ್ತು. ಎರಡು ಸಲ ಖಾಲಿ ಚೀಲ ಹಿಡಿದು ವಾಪಸ್ ಬಂದೆವು. ಮೂರನೇ ಸಲ ಅಮ್ಮನ ಮೊಬೈಲಿಗೆ ಬಂದ ಓಟಿಪಿ ಹೇಳಿ ಅಕ್ಕಿ ತಂದೆವು.

ಬೆರಳಚ್ಚು ಯಾಕೆ ಸವೆಯಿತು ಅಂತ ಕೇಳಬೇಕಾಗಿರಲಿಲ್ಲ. ಅಜ್ಜಿ ಮೂವತ್ತು ವರ್ಷ ಮಂಡಕ್ಕಿ ಭಟ್ಟಿಯಲ್ಲಿ ದುಡಿದವಳು. ಉಪ್ಪುನೀರು ಬೆರೆಸಿ ಒಣಗಿಸಿದ ಅಕ್ಕಿಯನ್ನು ಕಾದ ಮರಳಿಗೆ ಸುರಿಯುತ್ತಾರೆ. ಕ್ಷಣದಲ್ಲಿ ಅರಳುತ್ತದೆ. ಮರಳನ್ನೂ ಮಂಡಕ್ಕಿಯನ್ನೂ ಜರಡಿ ಹಿಡಿದು ಬೇರೆ ಮಾಡಬೇಕು. ಉಪ್ಪು, ಬಿಸಿ, ಮರಳು ದಿನಾ ಉಜ್ಜಿದರೆ ಬೆರಳ ತುದಿಯಲ್ಲಿ ಗೆರೆ ಉಳಿಯುವುದು ಹೇಗೆ? ಬೆಣ್ಣೆದೋಸೆಯ ಜೊತೆಗೆ ಈ ಊರಿಗೆ ಹೆಸರು ತಂದಿದ್ದು ಮಂಡಕ್ಕಿ. ಸಂಜೆ ಮಂಡಕ್ಕಿ ಮೆಣಸಿನಕಾಯಿ ತಿನ್ನುವಾಗ ಈಗಲೂ ನನಗೆ ಆ ಬೆರಳು ನೆನಪಾಗುತ್ತದೆ.

ದಾರಿಯಲ್ಲಿ ಅಜ್ಜಿ ಒಂದು ಮಾತು ಹೇಳಿದಳು. "ಸಹಿ ಬರಲ್ಲ ಅಂತ ಜೀವಮಾನೆಲ್ಲಾ ಹೆಬ್ಬೆಟ್ಟು ಒತ್ತಿದೆ. ಈಗ ಹೆಬ್ಬೆಟ್ಟೂ ನಂದಲ್ಲ ಅಂತಾರೆ." ಸಿಟ್ಟಿನಿಂದ ಹೇಳಲಿಲ್ಲ. ಲೆಕ್ಕ ಒಪ್ಪಿಸಿದ ಹಾಗೆ ಹೇಳಿದಳು. ನನ್ನ ಚಿತ್ರ ಹುಟ್ಟಿದ್ದು ಆ ಮಾತಿನಿಂದ.

ಮಣ್ಣನ್ನೇ ಯಾಕೆ ಆರಿಸಿಕೊಂಡೆ ಅಂದರೆ, ನಾನು ಜೀವನದಲ್ಲಿ ಮೊದಲು ಹೆದರಿದ್ದು ಮಣ್ಣಿನ ಮುಖಕ್ಕೆ. ಗಣಪತಿ ಹೋದ ಮೇಲೆ ನಮ್ಮ ಕಡೆ ಜೋಕುಮಾರ ಬರುತ್ತಾನೆ. ಬೇವಿನ ಸೊಪ್ಪು ತುಂಬಿದ ಬುಟ್ಟಿಯಲ್ಲಿ ಅವನನ್ನು ಕೂರಿಸಿಕೊಂಡು ಹೆಂಗಸರು ಮನೆಮನೆಗೆ ಹಾಡುತ್ತಾ ಬರುತ್ತಾರೆ. ಅಗಲವಾದ ಬಾಯಿ, ಬಾಯಿಗೆ ಮೆತ್ತಿದ ಬೆಣ್ಣೆ, ರೆಪ್ಪೆ ಇಲ್ಲದ ಕಣ್ಣು. ಅವನ ಆಯಸ್ಸು ಏಳೇ ದಿನ, ಹುಣ್ಣಿಮೆಗೆ ಸಾಯುತ್ತಾನೆ. ನಾಲ್ಕು ವರ್ಷದವಳಿದ್ದಾಗ ಅಜ್ಜಿಯ ಸೀರೆ ಹಿಂದೆ ಅಡಗಿ ಅವನನ್ನು ನೋಡಿದ್ದೆ. ಬಿಸಿಲಿಗೆ ಬೆಣ್ಣೆ ಕರಗಿ ಗಲ್ಲದ ಮೇಲೆ ಇಳಿಯುತ್ತಿತ್ತು. ಅವನು ಜೀವಂತ ಇದ್ದಾನೆ, ಆದರೆ ನಮ್ಮ ಹಾಗಲ್ಲ ಅನ್ನಿಸಿತ್ತು. ಆಮೇಲೆ ಎಷ್ಟೋ ಹೆದರಿಸುವ ಸಿನಿಮಾ ನೋಡಿದ್ದೇನೆ. ಆ ಅನ್ನಿಸಿಕೆ ಮತ್ತೆ ಬಂದದ್ದು ಕ್ಲೇ ಅನಿಮೇಷನ್ ನೋಡುವಾಗ ಮಾತ್ರ.

ಎರಡು ಚಿತ್ರಗಳನ್ನು ಇಲ್ಲಿ ನೆನೆಯಲೇಬೇಕು. ಒಂದು, ಅಮೆರಿಕದ ವಿಲ್ ವಿಂಟನ್ 1985ರಲ್ಲಿ ಮಾರ್ಕ್ ಟ್ವೇನ್ ಕಥೆಗಳನ್ನು ಇಟ್ಟುಕೊಂಡು ಮಾಡಿದ ಚಿತ್ರ. ಅದರಲ್ಲಿ ಒಬ್ಬ ಅಪರಿಚಿತ ಬರುತ್ತಾನೆ. ಅವನಿಗೆ ತಲೆಯೇ ಇಲ್ಲ, ಮುಖದ ಬದಲು ಕೈಯಲ್ಲಿ ಮುಖವಾಡ ಹಿಡಿದಿರುತ್ತಾನೆ. ಮಕ್ಕಳ ಎದುರು ಮಣ್ಣಿನ ಪುಟ್ಟ ಮನುಷ್ಯರನ್ನು ಮಾಡಿ, ಆಮೇಲೆ ನಾಶ ಮಾಡುತ್ತಾನೆ. ಇನ್ನೊಂದು, ಪ್ರಾಗ್‌ನ ಯಾನ್ ಶ್ವಾಂಕ್ಮಾಯೆರ್ 1982ರಲ್ಲಿ ಮಾಡಿದ ಸಂಭಾಷಣೆಯ ಬಗೆಗಳ ಕಿರುಚಿತ್ರ. ತರಕಾರಿಯ ತಲೆ, ಪಾತ್ರೆ ಸೌಟಿನ ತಲೆ, ಪುಸ್ತಕ ಕಾಗದದ ತಲೆ ಒಂದನ್ನೊಂದು ನುಂಗಿ ಉಗುಳುತ್ತವೆ. ನುಂಗಿ ಉಗುಳಿ ಕೊನೆಗೆ ಎಲ್ಲವೂ ಒಂದೇ ಥರದ ಮಣ್ಣಿನ ತಲೆಗಳಾಗುತ್ತವೆ. ಅದನ್ನು ನೋಡಿದ ರಾತ್ರಿ ನನಗೆ ನನ್ನ ಅಂಗಡಿಯ ಕಂಪ್ಯೂಟರ್ ನೆನಪಾಯಿತು. ಬೆಳ್ಳಗಾದ, ನೀಟಾದ ಮುಖಗಳ ಸಾಲು.

ಇನ್ನು ಕೆಲಸದ ವಿಷಯ.

ಮೊದಲು ಗಣಪತಿ ಮಾಡುವವರ ಹತ್ತಿರ ಜೇಡಿಮಣ್ಣು ತಂದೆ. ಊರಿನ ಮಣ್ಣೇ ಇರಲಿ ಅಂತ ಆಸೆ. ಆಗಲಿಲ್ಲ. ನೀರು ಆರುತ್ತಾ ಮಣ್ಣು ಕುಗ್ಗುತ್ತದೆ, ಒಳಗಿನ ತಂತಿ ಕುಗ್ಗುವುದಿಲ್ಲ. ಎರಡನೇ ದಿನಕ್ಕೆ ಮೊಣಕೈ, ಕುತ್ತಿಗೆ ಎಲ್ಲ ಬಿರುಕು. ನೀರು ಸವರಿ ತೇವ ಇಟ್ಟರೆ ಫೋಟೋದಲ್ಲಿ ಒಮ್ಮೆ ಹೊಳಪು, ಒಮ್ಮೆ ಮಂಕು. ಒಣಗದ ಮಣ್ಣು ಬೇಕು ಅನ್ನುವುದು ಹಳೇ ತೊಂದರೆ. 1897ರಲ್ಲಿ ಇಂಗ್ಲೆಂಡಿನ ಬಾತ್ ಊರಿನ ಕಲಾ ಶಿಕ್ಷಕ ವಿಲಿಯಂ ಹಾರ್ಬಟ್ ತನ್ನ ವಿದ್ಯಾರ್ಥಿಗಳಿಗಾಗಿಯೇ ಪ್ಲಾಸ್ಟಿಸೀನ್ ಮಾಡಿದ. ಅದರಲ್ಲಿ ನೀರಿಲ್ಲ, ಜಿಡ್ಡು ಇದೆ. ನಾನು ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಮಕ್ಕಳ ಕ್ಲೇ ತಂದೆ.

ಅದಕ್ಕೆ ಬೇರೆ ಕಾಟ. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಮಧ್ಯಾಹ್ನ ಮುಟ್ಟಿದರೆ ಮುದ್ದೆಯ ಹಾಗೆ ಮೆತ್ತಗಾಗಿರುತ್ತಿತ್ತು. ಮುದುಕಿಯ ಕೈ ತಾನಾಗಿಯೇ ಕೆಳಗೆ ಇಳಿಯುತ್ತಿತ್ತು. ಎರಡು ಉಪಾಯ ಮಾಡಿದೆ. ಒಂದು, ಕ್ಲೇಗೆ ಸ್ವಲ್ಪ ಜೇನುಮೇಣ ಸೇರಿಸಿದೆ. ನೇರ ಉರಿಗೆ ಇಡಬಾರದು, ಹೊತ್ತಿಕೊಳ್ಳುವ ಅಪಾಯ ಇದೆ. ದೊಡ್ಡ ಪಾತ್ರೆಯಲ್ಲಿ ನೀರು ಕುದಿಸಿ, ಅದರೊಳಗೆ ಚಿಕ್ಕ ಪಾತ್ರೆ ಇಟ್ಟು ಎರಡನ್ನೂ ನಿಧಾನಕ್ಕೆ ಕರಗಿಸಿ ಕಲಸಬೇಕು. ಮೇಣ ಜಾಸ್ತಿ ಆದರೆ ಕ್ಲೇ ಮುರಿಯುತ್ತದೆ. ನಾನು ಚಿಕ್ಕ ಉಂಡೆಗಳಲ್ಲಿ ಬೇರೆ ಬೇರೆ ಅಳತೆ ಮಾಡಿ, ಚಿವುಟಿ ನೋಡಿ ಹದ ಹಿಡಿದೆ. ಎರಡು, ಶೂಟಿಂಗನ್ನೇ ರಾತ್ರಿಗೆ ಬದಲಾಯಿಸಿದೆ. ಒಂಬತ್ತೂವರೆಗೆ ಶುರು ಮಾಡಿದರೆ ಹನ್ನೆರಡೂವರೆವರೆಗೆ. ಒಳ್ಳೆಯ ರಾತ್ರಿ ಅಂದರೆ ಮೂವತ್ತು ಫೋಟೋ. ಸೆಕೆಂಡಿಗೆ 12 ಫೋಟೋ ಲೆಕ್ಕದಲ್ಲಿ ಅದು ಎರಡೂವರೆ ಸೆಕೆಂಡು.

ಒಳಗಿನ ಎಲುಬುಗೂಡಿಗೆ ಆರ್ಮೇಚರ್ ಅನ್ನುತ್ತಾರೆ. ದೃಶ್ಯಕಲಾ ಕಾಲೇಜಿನಲ್ಲಿ ಶಿಲ್ಪಕಲೆ ಓದಿದ ಗೆಳತಿ ಹೇಳಿಕೊಟ್ಟಳು. ಅಲ್ಯೂಮಿನಿಯಂ ತಂತಿ ಎರಡೆಳೆ ಹೊಸೆದು ಕೈಕಾಲು, ಎಲುಬು ಇರುವ ಕಡೆ ಎಂ-ಸೀಲ್, ಕೀಲು ಇರುವ ಕಡೆ ಬರೀ ತಂತಿ. ತಲೆಯ ಒಳಗೆ ಥರ್ಮಾಕೋಲ್ ಉಂಡೆ, ಇಲ್ಲದಿದ್ದರೆ ಭಾರಕ್ಕೆ ಕುತ್ತಿಗೆ ಬಾಗುತ್ತದೆ. ಪಾದದಲ್ಲಿ ಒಂದೊಂದು ನಟ್ಟು, ಪ್ಲೈವುಡ್ ಕೆಳಗಿನಿಂದ ಬೋಲ್ಟು. ಈ ಬೋಲ್ಟು ಹಾಕದೆ ಮೊದಲ ವಾರ ಪೂರ್ತಿ ಕಳೆದುಕೊಂಡೆ. ನಿಲ್ಲದ ಗೊಂಬೆ ನಡೆಯುವುದಿಲ್ಲ.

ಬೆಳಕಿನ ಬಗ್ಗೆ ಒಂದೇ ಮಾತು: ಕಿಟಕಿ ಮುಚ್ಚಿ. ಕರೆಂಟಿನ ವೋಲ್ಟೇಜ್ ಏರಿಳಿದರೆ ಚಿತ್ರ ಮಿಣುಕುತ್ತದೆ. ನಾನು ಪವರ್ ಬ್ಯಾಂಕಿಗೆ ಸಿಕ್ಕಿಸುವ ಎರಡು ಚಿಕ್ಕ ಎಲ್‌ಇಡಿ ದೀಪ ಬಳಸಿದೆ, ಕರೆಂಟು ಹೋದರೂ ಕೆಲಸ ನಿಲ್ಲಲಿಲ್ಲ. ಮೊಬೈಲಿನಲ್ಲಿ ಫೋಕಸ್, ಎಕ್ಸ್‌ಪೋಷರ್, ವೈಟ್ ಬ್ಯಾಲೆನ್ಸ್ ಮೂರನ್ನೂ ಲಾಕ್ ಮಾಡಬೇಕು, ಇಲ್ಲದಿದ್ದರೆ ಫೋಟೋದಿಂದ ಫೋಟೋಗೆ ಬೆಳಕು, ಬಣ್ಣ ಬದಲಾಗುತ್ತದೆ. ಕಪ್ಪು ಬಟ್ಟೆ ಹಾಕಿಕೊಂಡು ಶೂಟ್ ಮಾಡಬೇಕು. ಒಂದು ರಾತ್ರಿ ಬಿಳಿ ಚೂಡಿದಾರ್ ಹಾಕಿದ್ದಕ್ಕೆ ಮುದುಕಿಯ ಕೆನ್ನೆ ಮೇಲೆ ನನ್ನ ಬೆಳಕು ಓಡಾಡಿತ್ತು.

ಈಗ ಭಯದ ವಿಷಯಕ್ಕೆ ಬರುತ್ತೇನೆ.

ಮನುಷ್ಯನನ್ನು ತುಂಬಾ ಹೋಲುವ, ಆದರೆ ಪೂರ್ತಿ ಹೋಲದ ವಸ್ತು ನಮ್ಮನ್ನು ಕಸಿವಿಸಿ ಮಾಡುತ್ತದೆ ಅಂತ ಜಪಾನಿನ ರೋಬೋಟ್ ಪ್ರೊಫೆಸರ್ ಮಸಾಹಿರೊ ಮೋರಿ 1970ರಲ್ಲಿ ಬರೆದರು. ನಾನು ಅದನ್ನು ಕಲಿತದ್ದು ಕಣ್ಣಿನಿಂದ. ಮುದುಕಿಯ ಕಣ್ಣಿಗೆ ಬಿಳಿ ಮಣಿ ಹಾಕಿದ್ದೆ. ಮಣಿಯ ತೂತೇ ಕಣ್ಣಿನ ಗೊಂಬೆ. ತೂತಿಗೆ ಗುಂಡುಸೂಜಿ ತೂರಿಸಿ ತಿರುಗಿಸಿದರೆ ನೋಟ ಬದಲಾಗುತ್ತದೆ, ಮುಖ ಕೆಡುವುದಿಲ್ಲ. ರೆಪ್ಪೆ ಬಡಿಯಲು ಮಣ್ಣಿನ ತೆಳು ರೆಪ್ಪೆ ಮಾಡಿ ಇಡಬೇಕು: ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು, ಮತ್ತೆ ಅರ್ಧ. ಮೂರು ಫೋಟೋ ಸಾಕು. ಮೊದಲ ನಿಮಿಷದಲ್ಲಿ ಮುದುಕಿ ಆಗಾಗ ರೆಪ್ಪೆ ಬಡಿಯುತ್ತಾಳೆ. ಅವಳು ನಮ್ಮವಳು ಅನ್ನಿಸುತ್ತದೆ. ಎರಡನೇ ಕೆಂಪು ದೀಪ ಹತ್ತಿದ ಮೇಲೆ ಬಡಿಯುವುದನ್ನು ನಿಲ್ಲಿಸಿದೆ. ಬೇರೆ ಏನೂ ಬದಲಾಯಿಸಲಿಲ್ಲ. ಪಕ್ಕದ ಮನೆಯ ಮಕ್ಕಳು ಸರಿಯಾಗಿ ಅಲ್ಲಿಂದಲೇ ಒಬ್ಬರಿಗೊಬ್ಬರು ಹತ್ತಿರ ಸರಿದು ಕೂತರು. ಯಾಕೆ ಅಂತ ಅವರಿಗೂ ಗೊತ್ತಾಗಲಿಲ್ಲ.

ಇನ್ನೊಂದು, ಉಸಿರು. ಮಣ್ಣಿನ ಗೊಂಬೆ ಸುಮ್ನೆ ನಿಂತರೆ ಸತ್ತಂತೆ ಕಾಣುತ್ತದೆ. ನಿಂತಾಗಲೂ ಎದೆ ಕೂದಲೆಳೆಯಷ್ಟು ಏರಿ ಇಳಿಯಬೇಕು. ಕೊನೆಯಲ್ಲಿ ಮುಖ ಅಳಿಸಿಹೋದ ಮೇಲೆ ನಾನು ಉಸಿರು ನಿಲ್ಲಿಸಲಿಲ್ಲ. ಬದಲಿಗೆ ಜಾಸ್ತಿ ಮಾಡಿದೆ. ಮೂಗಿಲ್ಲ, ಬಾಯಿಲ್ಲ, ಆದರೂ ಎದೆ ಏರುತ್ತಿದೆ. ಹೆದರಿಸಲು ರಕ್ತ ಬೇಕಾಗಿಲ್ಲ, ಕತ್ತಲೆಯೂ ಬೇಕಾಗಿಲ್ಲ. ನನ್ನ ಚಿತ್ರ ಪೂರ್ತಿ ಹಗಲಿನ ಬೆಳಕಿನಲ್ಲಿ ನಡೆಯುತ್ತದೆ.

ಹೆಸರಿನ ವಿಷಯ ಹೇಳಬೇಕು. ಅಜ್ಜಿಗೆ ಎರಡು ಹೆಸರು. ಒಂದು ತವರಿನದು. ಇನ್ನೊಂದು ಮದುವೆಯಲ್ಲಿ ಗಂಡನ ಮನೆಯವರು ಇಟ್ಟದ್ದು. ಎಲ್ಲ ಕಾರ್ಡಿನಲ್ಲಿ ಇರುವುದು ಎರಡನೆಯದು. ಜಿಲ್ಲೆಯೂ ಹಾಗೆಯೇ. ಅಜ್ಜಿಯ ಹಳೇ ಕಾಗದಗಳಲ್ಲಿ ಚಿತ್ರದುರ್ಗ ಜಿಲ್ಲೆ ಅಂತ ಇದೆ. 1997ರಲ್ಲಿ ದಾವಣಗೆರೆ ಬೇರೆ ಜಿಲ್ಲೆ ಆಯಿತು, ಹೊಸ ಕಾಗದಗಳಲ್ಲಿ ಅದು ಬಂತು. ಮನೆ ಬದಲಾಗಲಿಲ್ಲ, ಬಾಗಿಲು ಬದಲಾಗಲಿಲ್ಲ. ಎಲ್ಲಿಯಾದರೂ ಕಾರ್ಡ್ ನೋಡಿ ಹೆಸರು ಕೂಗಿದರೆ ಅಜ್ಜಿ ತಿರುಗುವುದು ಸ್ವಲ್ಪ ತಡ. ಮೊದಲು ಕೇಳಿಸಲ್ಲ ಅಂದುಕೊಂಡಿದ್ದೆವು. ಆದರೆ ಅವಳ ತಂಗಿ ಬಂದು ಬಾಗಿಲಲ್ಲಿ ತವರಿನ ಹೆಸರು ಹಿಡಿದು ಮೆಲ್ಲಗೆ ಕರೆದರೂ ಸಾಕು, ಹಿತ್ತಲಿನಲ್ಲಿದ್ದರೂ ಅಜ್ಜಿ ಓಗೊಡುತ್ತಾಳೆ. ಆ ಹೆಸರು ಹಿಡಿದು ಕರೆಯುವವರು ಈಗ ಲೋಕದಲ್ಲಿ ಅವರೊಬ್ಬರೇ.

ಇದನ್ನು ಫ್ರೇಮಿನ ಲೆಕ್ಕದಲ್ಲಿ ಇಟ್ಟೆ. ಚಿತ್ರದ ಮೊದಲಲ್ಲಿ ಕಾರ್ಡಿನ ಹೆಸರು ಕೂಗಿದಾಗ ಮುದುಕಿ ತಿರುಗಲು 8 ಫೋಟೋ ತಡ. ಮುಕ್ಕಾಲು ಸೆಕೆಂಡಿಗಿಂತ ಕಡಿಮೆ, ಆದರೂ ಕಣ್ಣಿಗೆ ತಿಳಿಯುತ್ತದೆ. ಕೊನೆಯಲ್ಲಿ ಮುಖ ಪೂರ್ತಿ ಹೋಗಿ ಹಸಿರು ದೀಪ ಹತ್ತಿದ ಮೇಲೆ ತವರಿನ ಹೆಸರು ಕೇಳಿಸುತ್ತದೆ. ದನಿ ಅಜ್ಜಿಯ ತಂಗಿಯದೇ, ಮೊಬೈಲಿನಲ್ಲಿ ರೆಕಾರ್ಡ್ ಮಾಡಿದ್ದು. ಮುಖವಿಲ್ಲದ ತಲೆ ಮರು ಫೋಟೋದಲ್ಲೇ ಆ ಕಡೆ ತಿರುಗುತ್ತದೆ. ತುಂಬಾ ಜನ ಬೆಚ್ಚುವುದು ಇಲ್ಲಿ. ನಮ್ಮ ಬೀದಿಯ ಒಬ್ಬ ಆಂಟಿ ಮಾತ್ರ ಬೆಚ್ಚಲಿಲ್ಲ, ಕಣ್ಣೊರೆಸಿಕೊಂಡರು. ಆಮೇಲೆ ತಮ್ಮ ತವರಿನ ಹೆಸರು ಏನಾಗಿತ್ತು ಅಂತ ನನಗೆ ಹೇಳಿದರು. ಹದಿನೈದು ವರ್ಷದಿಂದ ಪಕ್ಕದಲ್ಲಿದ್ದರೂ ಗೊತ್ತಿರಲಿಲ್ಲ.

ಇನ್ನು ಉಳಿದದ್ದು ಹೆಬ್ಬೆಟ್ಟಿನ ಗುಟ್ಟು.

ಮೊದಲ ಮುನ್ನೂರು ಫೋಟೋ ಮುಗಿಸಿ ಅಂಗಡಿಯ ದೊಡ್ಡ ಮಾನಿಟರಿನಲ್ಲಿ ಹಾಕಿ ನೋಡಿದೆ. ಅಜ್ಜಿಯ ಮುಖದ ತುಂಬಾ ನನ್ನ ಬೆರಳಚ್ಚು. ಹಣೆ, ಕೆನ್ನೆ, ಗಲ್ಲ, ಎಲ್ಲೆಲ್ಲೂ ಗೆರೆಗಳು. ಪ್ರತಿ ಫೋಟೋಗೆ ಮುಖ ಮುಟ್ಟುತ್ತೇವೆ, ಪ್ರತಿ ಸಲ ಗೆರೆ ಬೇರೆ ಕಡೆ ಬೀಳುತ್ತದೆ. ಓಡಿಸಿ ನೋಡಿದರೆ ಚರ್ಮ ಕುದಿಯುತ್ತಿರುವ ಹಾಗೆ ಕಾಣುತ್ತದೆ. ಈ ಕೆಲಸ ಮಾಡುವವರು ಅದನ್ನು ಕುದಿ ಅಂತಲೇ ಕರೆಯುತ್ತಾರೆ. ಬ್ರಿಸ್ಟಲ್‌ನ ಆರ್ಡ್‌ಮನ್ ಸ್ಟುಡಿಯೋದವರ ಗೊಂಬೆಗಳ ಮೇಲೂ ಬೆರಳಚ್ಚು ಕಾಣುತ್ತದೆ, ಕೈಯಿಂದ ಮಾಡಿದ್ದು ಅಂತ ಗೊತ್ತಾಗಲಿ ಅಂತ ಬಿಡುತ್ತಾರೆ. ನನಗೆ ಹಾಗೆ ಬಿಡಲು ಮನಸ್ಸು ಬರಲಿಲ್ಲ. ಬೆರಳಚ್ಚು ಇಲ್ಲ ಅಂತ ವಾಪಸ್ ಬಂದವಳ ಮುಖದ ಮೇಲೆ ನನ್ನ ಬೆರಳಚ್ಚು. ಇದು ಸರಿಯಲ್ಲ ಅನ್ನಿಸಿತು. ಬೇಬಿ ಆಯಿಲ್ ಸವರಿ ಉಜ್ಜಿದೆ. ಹೊಳಪು ಬಂತು, ಗೆರೆ ಪೂರ್ತಿ ಹೋಗಲಿಲ್ಲ. ಚಮಚದ ಹಿಂಭಾಗದಿಂದ ತೀಡಿದೆ. ಮುಖ ಅಂಗಡಿಯ ಗೊಂಬೆಯ ಹಾಗಾಯಿತು.

ಒಂದು ಸಂಜೆ ತಲೆಯನ್ನು ಕೈಯಲ್ಲಿ ಹಿಡಿದು ಕೂತಿದ್ದೆ. ಅಜ್ಜಿ ಬಂದಳು. "ಏನವ್ವಾ ಅದು, ನನ್ನ ಹಂಗೆ ಐತಲ್ಲ," ಅಂತ ಇಸಿದುಕೊಂಡಳು. ಹೆಬ್ಬೆಟ್ಟಿನಿಂದ ಕೆನ್ನೆ ಒಮ್ಮೆ ಸವರಿದಳು. ನಾನು ದೀಪದ ಹತ್ತಿರ ಹಿಡಿದು ನೋಡಿದೆ. ಸವರಿದ ಕಡೆ ಒಂದು ಗೆರೆಯೂ ಇರಲಿಲ್ಲ.

ಆಗ ಚಿಕ್ಕಂದಿನ ಒಂದು ವಿಷಯ ತಟ್ಟನೆ ಬಿಡಿಸಿಕೊಂಡಿತು. ಮಣ್ಣೆತ್ತಿನ ಅಮಾವಾಸ್ಯೆಗೆ ನಾವೆಲ್ಲ ಎತ್ತು ಮಾಡುತ್ತಿದ್ದೆವು. ಅಜ್ಜಿಯ ಎತ್ತು ಮಾತ್ರ ಬೆಣ್ಣೆಯ ಹಾಗೆ ನುಣ್ಣಗೆ. ನಮ್ಮದರ ಮೇಲೆಲ್ಲ ಬೆರಳ ಗುರುತು. ಅಜ್ಜಿ ನೀರು ಜಾಸ್ತಿ ಹಚ್ಚುತ್ತಾಳೆ ಅಂತ ನಾನು ನೀರು ಸುರಿದು ಎತ್ತನ್ನು ಕೆಸರು ಮಾಡಿದ್ದೂ ಉಂಟು. ಆ ನುಣುಪು ನೀರಿನದಲ್ಲ, ಭಟ್ಟಿಯ ಮರಳಿನದು. ನಾನು ಹುಟ್ಟುವ ಮೊದಲೇ ಆ ಬೆರಳು ಸವೆದಿತ್ತು.

ಅವತ್ತೇ ಚಿತ್ರದ ಕೊನೆಯನ್ನು ಬದಲಾಯಿಸಿದೆ. ಮುಖ ಅಳಿಸುವ ದೃಶ್ಯವನ್ನು ನಾನೇ ಮಾಡುವುದು ಅಂತಿತ್ತು. ಅದನ್ನು ಅಜ್ಜಿಯ ಕೈಗೆ ಕೊಟ್ಟೆ. ನಾಲ್ಕು ಸಂಜೆ ನಾವಿಬ್ಬರೂ ಕೂತೆವು. ಅಜ್ಜಿ ಹೆಬ್ಬೆಟ್ಟಿನಿಂದ ಒಂದು ಸವರು ಸವರಿ ಕೈ ತೆಗೆಯುತ್ತಾಳೆ, ನಾನು ಒಂದು ಫೋಟೋ ತೆಗೆಯುತ್ತೇನೆ. ಹೀಗೆ 140 ಫೋಟೋ. ತನ್ನದೇ ಮುಖವನ್ನು ಸವರಿ ಅಳಿಸು ಅಂತ ಅಜ್ಜಿಗೆ ಹೇಳುವುದು ನನಗೆ ಬಹಳ ಕಷ್ಟವಾಗಿತ್ತು. ಅವಳು ಅದನ್ನು ರೊಟ್ಟಿ ತಟ್ಟುವಷ್ಟು ಸಲೀಸಾಗಿ ತೆಗೆದುಕೊಂಡಳು. ಮೂಗಿನ ಹತ್ತಿರ ಬಂದಾಗ ಮಾತ್ರ ನಿಲ್ಲಿಸಿದಳು.

"ತಡಿ, ಮೂಗುಬೊಟ್ಟು ಬಿಚ್ಚಿ ಇಡು ಮೊದ್ಲು."

ಗೊಂಬೆಯ ಮೂಗಿಗೆ ಸಾಸಿವೆಯಷ್ಟು ಕೆಂಪು ಮಣಿ ಹಾಕಿದ್ದೆ. ಅಜ್ಜಿ ಅದನ್ನು ಉಗುರಿನಿಂದ ಬಿಡಿಸಿ ಬೆಂಕಿಪೊಟ್ಟಣದಲ್ಲಿ ಹಾಕಿದಳು. ಆಮೇಲೆ ಮೂಗು ಸವರಿದಳು. ಇದು ನನ್ನ ಕಥೆಯಲ್ಲಿ ಇರಲಿಲ್ಲ. ಈಗ ಚಿತ್ರದಲ್ಲಿ ಇದೆ: ಮುದುಕಿ ಮುಖ ಒತ್ತುವ ಮೊದಲು ಮೂಗುಬೊಟ್ಟು ಬಿಚ್ಚಿ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾಳೆ. ಆ ಬೆರಳಿನಷ್ಟು ಸೆರಗಿಗೆ ಗಂಟು ಹಾಕಲು ನನಗೆ ಎರಡು ರಾತ್ರಿ ಹಿಡಿಯಿತು.

ನೋಡಿದವರೆಲ್ಲ ಕೊನೆಯ ನುಣ್ಣನೆ ಮುಖವನ್ನು ಖಾಲಿ ಮುಖ ಅನ್ನುತ್ತಾರೆ. ಗುರುತು ಕಳೆದುಕೊಂಡವಳ ಮುಖ ಅನ್ನುತ್ತಾರೆ. ಹಾಗೆ ಓದುವುದು ತಪ್ಪಲ್ಲ, ನಾನೂ ಹಾಗೆಯೇ ಶುರು ಮಾಡಿದ್ದು. ಆದರೆ ಕೆಲಸ ಮಾಡಿದವಳಾಗಿ ನನಗೆ ಗೊತ್ತಿರುವುದು ಬೇರೆ. ಮೊದಲ ಎರಡು ನಿಮಿಷದಲ್ಲಿ ಕಾಣುವ ಆ ಮುಖ, ಕಣ್ಣು ಮೂಗು ಎಲ್ಲ ಇರುವ ಆ ಮುಖ, ಪೂರ್ತಿ ನನ್ನ ಕೈಯದು. ದೊಡ್ಡ ಪರದೆಯಲ್ಲಿ ನೋಡಿದರೆ ನನ್ನ ಗೆರೆಗಳು ಕಾಣುತ್ತವೆ. ಅಜ್ಜಿ ನಿಜವಾಗಿ ಮುಟ್ಟಿದ್ದು ಕೊನೆಯ ಮುಖವನ್ನು ಮಾತ್ರ. ಆ ನುಣುಪು ಅವಳ ಹೆಬ್ಬೆಟ್ಟಿನ ಗುರುತು. ಯಾವ ಮಷಿನ್ನಿಗೂ ಸಿಗದ ಗುರುತು ನನ್ನ ಚಿತ್ರದಲ್ಲಿ 140 ಸಲ ಬಿದ್ದಿದೆ. ಅದಕ್ಕೇ ಹಸಿರು ದೀಪ ಹತ್ತುತ್ತದೆ.

ಭಟ್ಟಿಗಳ ಕಡೆಯಿಂದ ಗಾಳಿ ಬೀಸಿದ ರಾತ್ರಿ ಮಸಿ ಬಂದು ಗೊಂಬೆಯ ಬಿಳಿ ಸೀರೆಯ ಮೇಲೆ ಕೂರುತ್ತಿತ್ತು. ಮೊದಮೊದಲು ಒದ್ದೆ ವೈಪ್ಸ್‌ನಿಂದ ಒರೆಸುತ್ತಿದ್ದೆ. ಮೂಗುಬೊಟ್ಟಿನ ದೃಶ್ಯ ಆದ ಮೇಲೆ ಒರೆಸುವುದನ್ನು ಬಿಟ್ಟೆ. ಚಿತ್ರದ ಕೊನೆಯ ಕಡೆ ಸೀರೆ ಸ್ವಲ್ಪ ಮಾಸಿ ಕಾಣುವುದು ಅದಕ್ಕೆ.

ಎಲ್ಲ ಜೋಡಿಸಿ ಮೊದಲು ಮನೆಯವರಿಗೆ ತೋರಿಸಿದೆ. ಅಮ್ಮನಿಗೆ ಇಷ್ಟವಾಗಲಿಲ್ಲ. "ಅಜ್ಜಿನ ಯಾಕೆ ದೆವ್ವದ ಥರ ಮಾಡಿದ್ಯಾ?" ಅಂದಳು. ಆ ಮಾತು ನೋವಾಯಿತು, ಇವತ್ತಿಗೂ ಅಮ್ಮನಿಗೆ ಸರಿಯಾದ ಉತ್ತರ ಕೊಟ್ಟಿಲ್ಲ. ಅಜ್ಜಿ ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದು ಎರಡು ಸಲ ನೋಡಿದಳು. ತಂಗಿಯ ದನಿ ಬಂದಾಗ ಚಿತ್ರದ ಮುದುಕಿಗಿಂತ ಬೇಗ "ಓ" ಅಂದಳು. ಮುಗಿದ ಮೇಲೆ ನನ್ನ ಕಡೆ ತಿರುಗಿ ಕೇಳಿದಳು:

"ಅಕ್ಕಿ ಕೊಟ್ರಾ?"

ನಾನು ಅಕ್ಕಿಯನ್ನು ತೋರಿಸಿಯೇ ಇರಲಿಲ್ಲ. ಐದು ತಿಂಗಳು ಮುಖ, ಹೆಸರು, ಬೆರಳು ಅಂತ ಯೋಚಿಸಿದ್ದೆ. ಅವಳು ಸಾಲಿನಲ್ಲಿ ನಿಂತದ್ದು ಅಕ್ಕಿಗೆ ಅನ್ನುವುದೇ ಬಿಟ್ಟುಹೋಗಿತ್ತು.

ಮರುದಿನ ಮತ್ತೆ ದೀಪ ಇಟ್ಟೆ. ಇನ್ನೂ ನಾಲ್ಕು ಸೆಕೆಂಡು, 48 ಫೋಟೋ. ಮುದುಕಿ ಎರಡೂ ಕೈಯಲ್ಲಿ ಚೀಲದ ಬಾಯಿ ಹಿಡಿದಿದ್ದಾಳೆ, ಮೇಲಿನಿಂದ ಅಕ್ಕಿ ಬೀಳುತ್ತದೆ. ನಿಜವಾದ ಅಕ್ಕಿ ಗೊಂಬೆಯ ಅಳತೆಗೆ ತುಂಬಾ ದೊಡ್ಡದು. ರವೆ ಹಾಕಿ ನೋಡಿದೆ, ಹಳದಿ ಕಂಡಿತು. ಕೊನೆಗೆ ಅಜ್ಜಿಯೇ ಅಡುಗೆಮನೆಯಿಂದ ಗಸಗಸೆ ಡಬ್ಬಿ ತಂದಳು. ಚಿಟಿಕೆ ಚಿಟಿಕೆಯಾಗಿ ಚೀಲಕ್ಕೆ ಹಾಕುತ್ತಾ ಹೋದಳು, ನಾನು ಒಂದೊಂದೇ ಫೋಟೋ ತೆಗೆಯುತ್ತಾ ಹೋದೆ. ಚೀಲ ತುಂಬಿದ ಮೇಲೂ ಅವಳು ಇನ್ನೂ ಎರಡು ಚಿಟಿಕೆ ಹಾಕಿದಳು.